ಗೃಹಯಂತ್ರ ವಿಚಾರ: ಧ್ವನಿವರ್ಧಕವೂ ಅದರ ಮೂರನೆಯ ತಂತಿಯೂ

ಹಿಂದಿನ ಕಾಲದಲ್ಲಿ ಧ್ವನಿವರ್ಧಕವೆಂಬುದು ಸಭೆ ಸಮಾರಂಭಗಳಿಗೆ ಬಾಡಿಗೆಯ ಮೇಲೆ ತರಿಸತಕ್ಕ ವಸ್ತುವಾಗಿದ್ದಿತು. ಅದರ ಸಂಗಡ ಅದನ್ನು ಬಲ್ಲ ಆಳೊಬ್ಬನೂ ಬರುತ್ತಿದ್ದನು. ತಂತಿ ಎಳೆಯುವುದು, ಹಾರ್ನನ್ನು ಮರಕ್ಕೆ ಕಟ್ಟುವುದು, ಮೈಕು ಕೂಗಿಕೊಂಡರೆ ತಿರುಗಣಿಯನ್ನು ತಿರುಗಿಸಿ ಸುಮ್ಮನಾಗಿಸುವುದು, ಇವೆಲ್ಲವೂ ಅವನ ಕೆಲಸ. ಬಾಡಿಗೆಯನ್ನು ಎಣಿಸಿ ಕೊಡುವುದಷ್ಟೇ ಯಜಮಾನನ ಕೆಲಸ. ಈಗ ಕಾಲ ಬದಲಾಗಿದೆ. ಆಂಪ್ಲಿಫೈಯರನ್ನು ತನ್ನ ಹೊಟ್ಟೆಯೊಳಗೇ ಅಡಗಿಸಿಕೊಂಡು, ಹಿಡಿಯನ್ನೂ ಚಕ್ರಗಳನ್ನೂ ಪಡೆದು, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದೊಡನೆ ಹಾಡತಕ್ಕ ಪೆಟ್ಟಿಗೆಗಳು ಮನೆಮನೆಗೂ ಬಂದಿವೆ. ನಾಮಕರಣಕ್ಕೆ ಅದೇ, ಶನಿವಾರದ ಭಜನೆಗೆ ಅದೇ, ಬೀದಿಯ ಗಣಪತಿಗೆ ಅದೇ, ಶಾಲೆಯ ವಾರ್ಷಿಕೋತ್ಸವಕ್ಕೂ ಅದೇ. ಪೆಟ್ಟಿಗೆಯೇನೋ ಬಂದಿತು, ಅದನ್ನು ಬಲ್ಲ ಆಳು ಮಾತ್ರ ಬರಲಿಲ್ಲ. ಆತನ ಹೊಣೆಯೆಲ್ಲವೂ ಈಗ ಗೃಹಸ್ಥನ ತಲೆಯ ಮೇಲೆ ಬಿದ್ದಿದೆ.

ಈ ಹೊಣೆಯು ಹೊರಲಾರದಷ್ಟು ಭಾರವಾದುದೇನೂ ಅಲ್ಲ. ಇಂಥ ಪೆಟ್ಟಿಗೆಗಳಿಗೆ ಬರುವ ದೋಷಗಳಲ್ಲಿ ಹೆಚ್ಚಿನವು ಅಂಗಡಿಗೆ ಹೊರಿಸಿಕೊಂಡು ಹೋಗದೆ ಮನೆಯಲ್ಲಿಯೇ ಕಂಡುಹಿಡಿದು ಸರಿಪಡಿಸಬಹುದಾದವು. ಆದರೆ ಅವುಗಳೊಳಗೆ ಒಂದು ದೋಷಕ್ಕೆ ಜನರು ತಾವೇ ಕಂಡುಕೊಂಡಿರುವ ಪರಿಹಾರವು ದೋಷಕ್ಕಿಂತ ನೂರ್ಮಡಿ ಕೆಟ್ಟದು. ಅದು ಪ್ರಾಣವನ್ನೇ ತೆಗೆಯತಕ್ಕದ್ದು. ಆ ವಿಷಯದಲ್ಲಿ ವಾಚಕರನ್ನು ಎಚ್ಚರಿಸುವುದೇ ಈ ತಿಂಗಳ ಬರೆಹದ ಮುಖ್ಯೋದ್ದೇಶ. ಅದಕ್ಕೆ ಬೇಕಾದ ತಿಳಿವಳಿಕೆಯನ್ನು ಮೊದಲು ಕೊಟ್ಟು, ಉಳಿದ ದೋಷಗಳ ಮಾತನ್ನು ಅನಂತರ ಹೇಳುತ್ತೇವೆ.

ಯಂತ್ರದ ಸ್ವರೂಪ

ಇಂದಿನ ಧ್ವನಿವರ್ಧಕದ ಮೂಲರೂಪವನ್ನು 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಎಂಜಿನಿಯರುಗಳು ಪ್ರಕಟಿಸಿದರು. ಗಟ್ಟಿಯಾದ ಅಯಸ್ಕಾಂತವೊಂದರ ಕಿರಿದಾದ ಸಂದಿನಲ್ಲಿ ತೆಳ್ಳನೆಯ ತಂತಿಯ ಸುರುಳಿಯೊಂದು ತೂಗಿರುತ್ತದೆ. ಸುರುಳಿಗೆ ಕಾಗದದ ಶಂಕುವನ್ನು ಅಂಟಿಸಿರುತ್ತಾರೆ. ಸುರುಳಿಯಲ್ಲಿ ವಿದ್ಯುತ್ತು ಅತ್ತಿತ್ತ ಹರಿದಂತೆ ಅದು ಹಿಂದಕ್ಕೂ ಮುಂದಕ್ಕೂ ಕದಲುವುದು. ಶಂಕುವು ಗಾಳಿಯನ್ನು ತಳ್ಳುವುದು. ನಮಗೆ ಸದ್ದು ಕೇಳಿಸುವುದು. ನೂರು ವರ್ಷಗಳಾದರೂ ಈ ತತ್ತ್ವವು ಬದಲಾಗಿಲ್ಲ. ತಗ್ಗಿದ ಸ್ವರಗಳಿಗೆ ದೊಡ್ಡ ಶಂಕು, ಏರಿದ ಸ್ವರಗಳಿಗೆ ಟ್ವೀಟರ್ ಎಂಬ ಚಿಕ್ಕ ಅಂಗ, ಎಂದು ಒಂದೇ ಪೆಟ್ಟಿಗೆಯಲ್ಲಿ ಎರಡು ಬಾಯಿಗಳಿರುವುದು ಈಗಿನ ವಾಡಿಕೆ.

ಹಳೆಯ ಪೆಟ್ಟಿಗೆಗೂ ಹೊಸದಕ್ಕೂ ಇರುವ ವ್ಯತ್ಯಾಸವಿಷ್ಟೆ. ಹಳೆಯದರಲ್ಲಿ ಆಂಪ್ಲಿಫೈಯರು ದೂರದ ಮೇಜಿನ ಮೇಲಿದ್ದು, ಪೆಟ್ಟಿಗೆಗೆ ಬರುತ್ತಿದ್ದುದು ಸದ್ದಿನ ತಂತಿಯೊಂದೇ. ಹೊಸದರಲ್ಲಿ ಮನೆಯ 230 ವೋಲ್ಟಿನ ವಿದ್ಯುತ್ತೇ ಪೆಟ್ಟಿಗೆಯ ಬೆನ್ನಿಗೆ ಬಂದು ಸೇರುತ್ತದೆ. ಒಳಗೆ ಅದನ್ನು ಏಕಮುಖ ಪ್ರವಾಹವಾಗಿ ಮಾರ್ಪಡಿಸುವಾಗ ಸುಮಾರು 325 ವೋಲ್ಟಿನವರೆಗೆ ಏರುವುದುಂಟು. ಅದನ್ನು ಹಿಡಿದಿಡುವ ಕೆಪಾಸಿಟರುಗಳು ಪ್ಲಗ್ಗನ್ನು ಕಿತ್ತ ಮೇಲೆಯೂ ಸ್ವಲ್ಪ ಹೊತ್ತು ಆ ವೋಲ್ಟನ್ನು ಉಳಿಸಿಕೊಂಡಿರಬಲ್ಲವು. ಆದುದರಿಂದ ಪೆಟ್ಟಿಗೆಯ ಬೆನ್ನಿನ ತಿರುಪುಗಳನ್ನು ಬಿಚ್ಚುವುದು ಗೃಹಸ್ಥನ ಕೆಲಸವಲ್ಲ. ನಾವು ಮುಂದೆ ಹೇಳುವ ಪರೀಕ್ಷೆಗಳೆಲ್ಲವೂ ಹೊರಗಿನಿಂದ ಮಾಡತಕ್ಕವು.

ಇಡುವ ಕ್ರಮ, ಹಚ್ಚುವ ಕ್ರಮ

ಪೆಟ್ಟಿಗೆಯ ಬೆನ್ನಿನಲ್ಲಿರುವ ಲೋಹದ ರೆಕ್ಕೆಗಳು ಒಳಗಿನ ಶಾಖವನ್ನು ಹೊರಹಾಕುವುದಕ್ಕಾಗಿ ಇರತಕ್ಕವು. ಗೋಡೆಗೆ ಒತ್ತಿ ಇಡುವುದೂ, ಅಂದಕ್ಕಾಗಿ ಬಟ್ಟೆ ಹೊದಿಸುವುದೂ, ಬಿಸಿಲಿಗೆ ಬೆನ್ನು ಮಾಡಿ ನಿಲ್ಲಿಸುವುದೂ ಸಲ್ಲದು. ಹಿಂದೆ ಒಂದು ಗೇಣಿನಷ್ಟಾದರೂ ತೆರಪಿರಬೇಕು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಏರಿಸುವುದಾದರೆ ಕಾಲುಗಳನ್ನು ಪೂರ್ತಿಯಾಗಿ ಅಗಲಿಸಿ, ಪ್ರತಿಯೊಂದು ಕಾಲಿನ ಮೇಲೂ ಮರಳಿನ ಚೀಲವನ್ನಿಟ್ಟು, ತಂತಿಯನ್ನು ಕಂಬಕ್ಕೆ ಸುತ್ತಿ ಕಟ್ಟತಕ್ಕದ್ದು. ಸಡಿಲವಾಗಿ ತೂಗುವ ತಂತಿಗೆ ಓಡುವ ಮಗುವಿನ ಕಾಲು ಸಿಕ್ಕಿದರೆ ಹತ್ತು ಹದಿನೈದು ಕಿಲೋ ತೂಕದ ಪೆಟ್ಟಿಗೆ ಮಗುವಿನ ಮೇಲೆಯೇ ಬೀಳುವುದು.

ಹಚ್ಚುವಾಗ ಮೊದಲು ಮೈಕು, ಮಿಕ್ಸರು, ಮೊಬೈಲು ಮುಂತಾದವುಗಳನ್ನು ಜೋಡಿಸಿ ಹಚ್ಚಿ, ಧ್ವನಿವರ್ಧಕವನ್ನು ಎಲ್ಲಕ್ಕೂ ಕೊನೆಯಲ್ಲಿ ಹಚ್ಚಬೇಕು. ಆರಿಸುವಾಗ ಮೊದಲು ಧ್ವನಿವರ್ಧಕವನ್ನೇ ಆರಿಸಬೇಕು. ಕೊನೆಗೆ ಬಂದವನು ಮೊದಲು ಹೊರಡುವನೆಂದು ನೆನಪಿಟ್ಟುಕೊಂಡರೆ ಸಾಕು. ಈ ಕ್ರಮವನ್ನು ತಪ್ಪಿದರೆ ಇತರ ಉಪಕರಣಗಳು ಹತ್ತುವಾಗಲೂ ಆರುವಾಗಲೂ ಏಳುವ ಧಡ್ ಎಂಬ ಪೆಟ್ಟು ನೇರವಾಗಿ ಶಂಕುವಿಗೆ ತಾಗುವುದು.

ಬೆನ್ನಿನ ಮೇಲೆ ಮೈಕ್ ಎಂದೂ ಲೈನ್ ಎಂದೂ ಎರಡು ಬಗೆಯ ದ್ವಾರಗಳು, ಇಲ್ಲವೆ ಅವೆರಡರ ನಡುವೆ ಆಯುವ ಗುಂಡಿಯೊಂದು ಇರುತ್ತದೆ. ಮೈಕಿನಿಂದ ಬರುವುದು ವೋಲ್ಟಿನ ಸಾವಿರದಲ್ಲಿ ಕೆಲವು ಭಾಗ ಮಾತ್ರ. ಮಿಕ್ಸರಿನಿಂದ ಬರುವುದು ಸುಮಾರು ಒಂದು ವೋಲ್ಟು. ಒಂದರ ಸ್ಥಾನದಲ್ಲಿ ಮತ್ತೊಂದನ್ನು ಕೂಡಿಸಿದರೆ ಸದ್ದು ಕೇಳಿಸದೆ ಹೋದೀತು, ಇಲ್ಲವೆ ಕಿವಿಗಡಚಿಕ್ಕುವಂತೆ ಒಡೆದು ಬಂದೀತು. ಹಳೆಯ ಆಂಪ್ಲಿಫೈಯರಿನಿಂದ ಶಂಕುವಿಗೆ ಹೋಗತಕ್ಕ ತಂತಿಯನ್ನು ಹೊಸ ಪೆಟ್ಟಿಗೆಯ ದ್ವಾರಕ್ಕೆ ಯಾವ ಕಾರಣದಿಂದಲೂ ಕೊಡಕೂಡದು. ಅದರ ಬಲಕ್ಕೆ ಒಳಗಿನ ಭಾಗಗಳು ಸುಟ್ಟುಹೋಗುತ್ತವೆ.

ಸದ್ದನ್ನು ಏರಿಸುವಾಗ ಪೆಟ್ಟಿಗೆಯ ತಿರುಗಣಿಯನ್ನು ನಡುವಿನಲ್ಲಿಟ್ಟು, ಮೂಲದ ಕಡೆಯಿಂದ ನಿಧಾನವಾಗಿ ಏರಿಸುತ್ತ ಬರಬೇಕು. ಕ್ಲಿಪ್ ಅಥವಾ ಲಿಮಿಟ್ ಎಂದು ಬರೆದ ಕೆಂಪು ದೀಪವು ಅಪರೂಪಕ್ಕೆ ಮಿಂಚಿದರೆ ಚಿಂತೆಯಿಲ್ಲ. ಬಿಡದೆ ಉರಿಯುತ್ತಿದ್ದರೆ ಆಂಪ್ಲಿಫೈಯರು ತನ್ನ ಶಕ್ತಿಯನ್ನು ಮೀರಿ ದುಡಿಯುತ್ತಿದೆಯೆಂದು ಅರ್ಥ. ಆಗ ಸದ್ದಿನ ಅಲೆಗಳ ತಲೆ ಕತ್ತರಿಸಿಹೋಗಿ ಸುರುಳಿಗಳು ಕಾಯುತ್ತವೆ. ಮೊದಲು ಸುಡುವುದು ಟ್ವೀಟರಿನ ಕೂದಲೆಳೆಯಂಥ ಸುರುಳಿ. ದೀಪವು ಕೆಂಪಾದೊಡನೆ ಕೈ ಹಿಂದಕ್ಕೆ ಬರಬೇಕು.

ಗುಂಯ್ ಎಂಬ ಸದ್ದು

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಎಲ್ಲವನ್ನೂ ಸರಿಯಾಗಿ ಜೋಡಿಸಿದ್ದರೂ ಪೆಟ್ಟಿಗೆಯಿಂದ ಜೇನುಗೂಡಿನಂತೆ ಗುಂಯ್ ಎಂಬ ಸದ್ದು ಎಡೆಬಿಡದೆ ಬರುವುದುಂಟು. ಹಾಡು ನಿಂತಾಗಲೂ ಅದು ನಿಲ್ಲದು. ತಿರುಗಣಿಯನ್ನು ಏರಿಸಿದರೆ ತಾನೂ ಏರುವುದು. ಇದು ನಮ್ಮ ವಿದ್ಯುತ್ತಿನ ಸದ್ದು. ನಮ್ಮ ದೇಶದ ವಿದ್ಯುತ್ಪ್ರವಾಹವು ಸೆಕೆಂಡಿಗೆ 50 ಬಾರಿ ಅತ್ತಿತ್ತ ತೂಗುವುದು. ಆ ತೂಗಾಟವೇ ಸದ್ದಿನ ತಂತಿಯೊಳಕ್ಕೆ ನುಸುಳಿ ಗುಂಯ್‌ಗುಡುವುದು.

ಅದು ನುಸುಳುವ ಬಗೆ ಹೀಗೆ. ಧ್ವನಿವರ್ಧಕವನ್ನು ಒಂದು ಕೋಣೆಯ ಪ್ಲಗ್ಗಿಗೂ, ಮಿಕ್ಸರನ್ನು ಮತ್ತೊಂದು ಕೋಣೆಯ ಪ್ಲಗ್ಗಿಗೂ ಹಾಕಿದ್ದೇವೆನ್ನೋಣ. ಎರಡಕ್ಕೂ ನೆಲಕ್ಕೆ ಹೋಗುವ ತಂತಿ, ಎಂದರೆ ಅರ್ತ್ ತಂತಿ, ಬೇರೆ ಬೇರೆ ಹಾದಿಯಿಂದ ಬಂದಿರುತ್ತದೆ. ಆ ಎರಡು ತುದಿಗಳ ನಡುವೆ ವೋಲ್ಟಿನ ಅಲ್ಪ ವ್ಯತ್ಯಾಸವಿದ್ದೇ ಇರುವುದು. ಸದ್ದಿನ ಕೇಬಲ್ಲಿನ ಹೊರಬಲೆಯು ಇವೆರಡನ್ನೂ ಕೂಡಿಸಿದೊಡನೆ ಒಂದು ಬಳೆಯಂಥ ಹಾದಿ ಏರ್ಪಟ್ಟು, ಅದರಲ್ಲಿ ಸಣ್ಣ ಪ್ರವಾಹವು ಸುತ್ತತೊಡಗುತ್ತದೆ. ಅದನ್ನೇ ಪೆಟ್ಟಿಗೆಯು ದೊಡ್ಡದುಮಾಡಿ ನಮಗೆ ಕೇಳಿಸುವುದು.

ಈಗ ಯಾರೋ ಒಬ್ಬ ಬಲ್ಲವನು ಮುಂದೆ ಬಂದು, ಧ್ವನಿವರ್ಧಕದ ಪ್ಲಗ್ಗಿನಿಂದ ಮೇಲಿನ ದಪ್ಪ ಕಡ್ಡಿಯನ್ನು ಕಿತ್ತುಹಾಕುತ್ತಾನೆ. ಇಲ್ಲವೆ ಒಳಗಿನ ಹಸುರು ತಂತಿಯನ್ನು ಕತ್ತರಿಸುತ್ತಾನೆ. ಚಪ್ಪರದಲ್ಲಾದರೆ ಪ್ಲಗ್ಗಿನ ಗೊಡವೆಯೇ ಇಲ್ಲ. ಎರಡು ಬರಿಯ ತಂತಿಗಳನ್ನು ತೂತುಗಳಿಗೆ ತೂರಿಸಿ ಬೆಂಕಿಕಡ್ಡಿಗಳನ್ನು ಜಡಿಯುತ್ತಾನೆ. ಬಳೆಯು ಮುರಿಯಿತು, ಗುಂಯ್ ಎಂಬುದು ನಿಂತಿತು. ನೆರೆದವರೆಲ್ಲರೂ ಅವನ ಜಾಣತನವನ್ನು ಹೊಗಳುತ್ತಾರೆ. ನೆಗಡಿ ಬಂದಿತೆಂದು ಮೂಗನ್ನೇ ಕೊಯ್ದುಕೊಂಡಂತಾಯಿತೆಂಬುದು ಅಲ್ಲಿ ಯಾರಿಗೂ ತೋರುವುದಿಲ್ಲ.

ಮೂರನೆಯ ತಂತಿಯು ಮಾಡುವ ಕೆಲಸ

ಪ್ಲಗ್ಗಿನ ಮೂರು ಕಡ್ಡಿಗಳಲ್ಲಿ ಅರ್ತಿನದು ಉಳಿದೆರಡಕ್ಕಿಂತ ದಪ್ಪವೂ ಉದ್ದವೂ ಆಗಿರುವುದನ್ನು ವಾಚಕರು ನೋಡಿರಬಹುದು. ವಿದ್ಯುತ್ತು ಒಳಗೆ ಬರುವುದಕ್ಕೆ ಮೊದಲೇ ರಕ್ಷಣೆಯು ಒಳಗೆ ಬಂದಿರಲಿ, ವಿದ್ಯುತ್ತು ಹೊರಟುಹೋದ ಮೇಲೆಯೇ ರಕ್ಷಣೆಯು ಹೊರಡಲಿ ಎಂಬುದೇ ಅದರ ಉದ್ದೇಶ. ಆ ತಂತಿಯು ಪೆಟ್ಟಿಗೆಯ ಲೋಹದ ಭಾಗಗಳನ್ನು ನೆಲಕ್ಕೆ ಕಟ್ಟಿಹಾಕಿರುತ್ತದೆ. ಒಳಗೆ ಎಲ್ಲಿಯಾದರೂ ತಂತಿಯ ಹೊದಿಕೆ ಸವೆದು ಜೀವಂತ ತಂತಿಯು ಲೋಹಕ್ಕೆ ತಾಗಿದರೆ, ಪ್ರವಾಹವೆಲ್ಲ ಅರ್ತಿನ ಮೂಲಕ ಧುಮ್ಮಿಕ್ಕಿ ಫ್ಯೂಸು ಹಾರುವುದು. ಯಂತ್ರವು ಸುಮ್ಮನಾಗುವುದು, ಮನುಷ್ಯನಿಗೆ ಏನೂ ಆಗದು.

ಅರ್ತನ್ನು ಕಿತ್ತ ಪೆಟ್ಟಿಗೆಯಲ್ಲಿ ಇದೇ ದೋಷವು ಹುಟ್ಟಿದರೆ ಫ್ಯೂಸು ಹಾರುವುದಿಲ್ಲ. ಪೆಟ್ಟಿಗೆಯು ಎಂದಿನಂತೆ ಹಾಡುತ್ತಲೇ ಇರುವುದು. ಅದರ ಲೋಹದ ಮೈ ಮಾತ್ರ 230 ವೋಲ್ಟಿನಲ್ಲಿ ಕಾದು ಕುಳಿತಿರುವುದು. ಇಷ್ಟಕ್ಕೇ ಮುಗಿಯಲಿಲ್ಲ. ಸದ್ದಿನ ಕೇಬಲ್ಲಿನ ಹೊರಬಲೆಯು ಪೆಟ್ಟಿಗೆಯ ಮೈಯನ್ನು ಮಿಕ್ಸರಿಗೂ, ಅಲ್ಲಿಂದ ಮೈಕಿನ ಲೋಹದ ಜಾಲರಿಗೂ ಕೂಡಿಸಿರುತ್ತದೆ. ಆದುದರಿಂದ ಕಡ್ಡಿಯನ್ನು ಕಿತ್ತವನಿಗೆ ಪೆಟ್ಟು ತಾಗದೆ ಹೋಗಬಹುದು. ದೂರದಲ್ಲಿ ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು, ಮೈಕನ್ನು ತುಟಿಗೆ ತಾಗಿಸಿ ಪ್ರಾರ್ಥನೆ ಹಾಡುತ್ತಿರುವ ಹುಡುಗಿಗೆ ಆ ಪೆಟ್ಟು ಕಾದಿರುತ್ತದೆ. ಈ ಮಾತನ್ನು ಗೃಹಸ್ಥರು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕೆಂದು ನಮ್ಮ ಪ್ರಾರ್ಥನೆ.

ಲೆಕ್ಕವನ್ನು ನೋಡಿ. ಒದ್ದೆಯಾದ ಮೈಯ ತಡೆಯನ್ನು ಸುಮಾರು 1,000 ಓಮ್ ಎಂದು ಹಿಡಿದರೆ, 230 ವೋಲ್ಟಿಗೆ ಅದರಲ್ಲಿ 230 ಮಿಲಿಆಂಪಿಯರ್ ಹರಿಯುವುದು. ಇದರ ಅರ್ಧದಷ್ಟೇ ಪ್ರವಾಹವು ಎದೆಯ ಮೂಲಕ ಒಂದೆರಡು ಸೆಕೆಂಡು ಹರಿದರೂ ಹೃದಯದ ಬಡಿತವು ಲಯ ತಪ್ಪಿ ನಿಲ್ಲಬಹುದು. 6 ಆಂಪಿಯರಿನ ಫ್ಯೂಸು ಕರಗಬೇಕಾದರೆ 6,000 ಮಿಲಿಆಂಪಿಯರಿಗಿಂತ ಹೆಚ್ಚು ಹರಿಯಬೇಕು. ಎಂದರೆ ಫ್ಯೂಸು ಕಾಯುವುದು ತಂತಿಯನ್ನೇ ಹೊರತು ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯತಕ್ಕುದು ಆರ್‌ಸಿಸಿಬಿ ಎಂಬ ಬೇರೊಂದು ಸ್ವಿಚ್ಚು. ಹೋದ ಪ್ರವಾಹವೆಲ್ಲ ಮರಳಿ ಬರುತ್ತಿದೆಯೇ ಎಂದು ಅದು ಸದಾ ತೂಗಿ ನೋಡುತ್ತಿದ್ದು, 30 ಮಿಲಿಆಂಪಿಯರಿನಷ್ಟು ಸೋರಿಹೋದರೂ ಕ್ಷಣಮಾತ್ರದಲ್ಲಿ ಕಡಿದುಹಾಕುತ್ತದೆ. ಮನೆಯಲ್ಲಿ ಅದು ಇಲ್ಲದಿದ್ದರೆ ಹಾಕಿಸತಕ್ಕದ್ದು; ಇದ್ದರೆ ಅದರ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಬೀಳುವುದೇ ಎಂದು ನೋಡತಕ್ಕದ್ದು.

ಅರ್ತಿಲ್ಲದ ಉಪಕರಣವು ವಾದ್ಯಗಾರರನ್ನೇ ಬಲಿ ತೆಗೆದುಕೊಂಡುದುಂಟು. 1972ರ ಮೇ ತಿಂಗಳಲ್ಲಿ ವೇಲ್ಸ್ ಪ್ರಾಂತದ ಸ್ವಾನ್ಸಿ ನಗರದಲ್ಲಿ ಸ್ಟೋನ್ ದ ಕ್ರೋಸ್ ಎಂಬ ವಾದ್ಯವೃಂದದ ಗಿಟಾರುವಾದಕ ಲೆಸ್ ಹಾರ್ವೆ, ರಂಗದ ಮೇಲೆ ಸರಿಯಾಗಿ ಅರ್ತಾಗದಿದ್ದ ಮೈಕನ್ನು ಮುಟ್ಟಿ ಸಭಿಕರ ಕಣ್ಣೆದುರಿಗೇ ಪ್ರಾಣಬಿಟ್ಟರು. 1976ರ ಮೇ ತಿಂಗಳಲ್ಲಿ ಯಾರ್ಡ್‌ಬರ್ಡ್ಸ್ ವೃಂದದ ಗಾಯಕರಾಗಿದ್ದ ಕೀತ್ ರೆಲ್ಫ್ ತಮ್ಮ ಮನೆಯಲ್ಲಿಯೇ ಅರ್ತಿಲ್ಲದ ವಿದ್ಯುತ್ ಗಿಟಾರನ್ನು ನುಡಿಸುವಾಗ ಮಡಿದರು. ಇಬ್ಬರೂ ಈ ಉಪಕರಣಗಳ ನಡುವೆಯೇ ಬಾಳಿದವರು. ವೃತ್ತಿಯಲ್ಲಿ ನುರಿತವರಿಗೇ ಹೀಗಾದ ಮೇಲೆ ವರುಷಕ್ಕೊಮ್ಮೆ ಮೈಕು ಹಿಡಿಯುವ ನಮ್ಮ ಮಕ್ಕಳ ಪಾಡೇನು?

ಇಲ್ಲಿ ಒಂದು ಮಾತನ್ನು ಬೇರ್ಪಡಿಸಿ ಹೇಳಬೇಕು. ಕೆಲವು ಸಣ್ಣ ಪೆಟ್ಟಿಗೆಗಳಿಗೆ ತಯಾರಕರೇ ಎರಡು ಕಡ್ಡಿಯ ಪ್ಲಗ್ಗನ್ನು ಕೊಟ್ಟಿರುತ್ತಾರೆ. ಬೆನ್ನಿನ ಮೇಲೆ ಚೌಕದೊಳಗೊಂದು ಚೌಕದ ಗುರುತಿದ್ದರೆ ಅದಕ್ಕೆ ಇಮ್ಮಡಿ ಹೊದಿಕೆಯ ರಕ್ಷಣೆಯಿದೆಯೆಂದು ಅರ್ಥ. ಅದಕ್ಕೆ ಅರ್ತ್ ಬೇಡ. ಮೂರು ಕಡ್ಡಿಗಳೊಡನೆ ಹುಟ್ಟಿದ ಯಂತ್ರಕ್ಕೆ ಮಾತ್ರ ಮೂರೂ ಕಡ್ಡಿಗಳು ಇರಲೇಬೇಕು.

ಹಾಗಾದರೆ ಗುಂಯ್ ಎಂಬುದನ್ನು ಅಡಗಿಸುವ ಬಗೆ ಹೇಗೆ?

ಮೊದಲು ಪೆಟ್ಟಿಗೆಗೆ ಬರುವ ಸದ್ದಿನ ಕೇಬಲ್ಲನ್ನು ಕಿತ್ತು ನೋಡಿ. ಆಗಲೂ ಗುಂಯ್‌ಗುಡುತ್ತಿದ್ದರೆ ದೋಷವು ಪೆಟ್ಟಿಗೆಯೊಳಗೇ ಇದೆ; ಅದು ರಿಪೇರಿಗೆ ಹೋಗತಕ್ಕದ್ದು. ನಿಂತುಹೋದರೆ ದೋಷವಿರುವುದು ಜೋಡಣೆಯಲ್ಲಿ. ಆಗ ಮಾಡತಕ್ಕ ಮೊದಲನೆಯ ಕೆಲಸವೇನೆಂದರೆ, ಮಿಕ್ಸರು, ಲ್ಯಾಪ್‌ಟಾಪು, ಧ್ವನಿವರ್ಧಕ ಇವೆಲ್ಲಕ್ಕೂ ಒಂದೇ ಬೋರ್ಡಿನಿಂದ ವಿದ್ಯುತ್ತನ್ನು ಕೊಡುವುದು. ಎಲ್ಲರ ಅರ್ತೂ ಒಂದೇ ಕಡೆ ಸೇರಿದರೆ ಬಳೆಯು ಬಲು ಕಿರಿದಾಗಿ ಬಹುಮಟ್ಟಿಗೆ ಸದ್ದು ಅಡಗುವುದು. ಲ್ಯಾಪ್‌ಟಾಪಿನಿಂದ ಹಾಡು ಬರುತ್ತಿದ್ದರೆ ಅದರ ಚಾರ್ಜರನ್ನು ಕಿತ್ತು, ಬ್ಯಾಟರಿಯ ಮೇಲೆ ನಡೆಸಿ ನೋಡಿ. ಎಷ್ಟೋ ಸಾರಿ ಅಷ್ಟರಿಂದಲೇ ಗುಣವಾಗುವುದು.

ಎರಡನೆಯದು, ಸದ್ದಿನ ಕೇಬಲ್ಲನ್ನು ವಿದ್ಯುತ್ತಿನ ತಂತಿಯ ಪಕ್ಕದಲ್ಲಿ ಹಾಸದೆ ದೂರವಿಡುವುದು. ಹಾಯಲೇಬೇಕಾದ ಕಡೆ ಅಡ್ಡಲಾಗಿ ಹಾಯಿಸುವುದು. ಮೂರನೆಯದು, ಸಾಧಾರಣ ಕೇಬಲ್ಲಿನ ಬದಲು ಮೂರು ಕಡ್ಡಿಯ ಎಕ್ಸ್‌ಎಲ್‌ಆರ್ ಕೊಂಡಿಯ ಕೇಬಲ್ಲನ್ನು ಉಪಯೋಗಿಸುವುದು. ಅದರಲ್ಲಿ ಎರಡು ತಂತಿಗಳು ಒಂದೇ ಸದ್ದನ್ನು ಪರಸ್ಪರ ವಿರುದ್ಧವಾಗಿ ಹೊತ್ತು ತರುತ್ತವೆ. ದಾರಿಯಲ್ಲಿ ನುಸುಳಿದ ಗುಂಯ್ ಎಂಬುದು ಎರಡರಲ್ಲಿಯೂ ಒಂದೇ ರೀತಿಯಾಗಿರುವುದರಿಂದ, ಪೆಟ್ಟಿಗೆಯು ಒಂದರಿಂದ ಮತ್ತೊಂದನ್ನು ಕಳೆದಾಗ ಅದು ಸೊನ್ನೆಯಾಗಿ ಹಾಡು ಮಾತ್ರ ಉಳಿಯುವುದು.

ಇಷ್ಟಕ್ಕೂ ಬಗ್ಗದಿದ್ದರೆ, ಸದ್ದಿನ ದಾರಿಯಲ್ಲಿ ಕೂಡಿಸತಕ್ಕ ಟ್ರಾನ್ಸ್‌ಫಾರ್ಮರಿನ ಚಿಕ್ಕ ಪೆಟ್ಟಿಗೆಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಅವು ಸದ್ದನ್ನು ದಾಟಿಸಿ ಬಳೆಯನ್ನು ಮುರಿಯುತ್ತವೆ. ಬಳೆಯನ್ನು ಮುರಿಯುವುದು ತಪ್ಪಲ್ಲ; ಮುರಿಯತಕ್ಕುದು ಸದ್ದಿನ ತಂತಿಯ ಕಡೆಯಲ್ಲಿ, ವಿದ್ಯುತ್ತಿನ ತಂತಿಯ ಕಡೆಯಲ್ಲಿ ಎಂದಿಗೂ ಅಲ್ಲ. ಈ ಬರೆಹದಲ್ಲಿ ಉಳಿದುದೆಲ್ಲ ಮರೆತರೂ ಈ ಒಂದು ವಾಕ್ಯವು ನೆನಪಿನಲ್ಲಿದ್ದರೆ ನಮಗೆ ತೃಪ್ತಿ.

ಮೈಕು ಕೂಗಿಕೊಂಡರೆ

ಗುಂಯ್ ಎಂಬುದು ಒಂದು ಬಗೆಯಾದರೆ ಕೀಂಯ್ ಎಂದು ಕಿವಿ ಸೀಳುವ ಕೂಗು ಮತ್ತೊಂದು ಬಗೆ. ಮೈಕಿನೊಳಕ್ಕೆ ಹೋದ ಸದ್ದು ಪೆಟ್ಟಿಗೆಯಿಂದ ಹೊರಬಂದು ಮರಳಿ ಮೈಕನ್ನೇ ಸೇರಿ, ಸುತ್ತಿದಷ್ಟೂ ಬೆಳೆಯುವುದೇ ಇದಕ್ಕೆ ಕಾರಣ. ಧ್ವನಿವರ್ಧಕವು ಮೈಕಿಗಿಂತ ಮುಂದೆ, ಸಭಿಕರ ಕಡೆಗೆ ಇರಬೇಕು. ಮೈಕು ಅದರ ಹಿಂದೆ ಇರಬೇಕು. ಮಾತನಾಡುವವರು ಮೈಕನ್ನು ಬಾಯಿಗೆ ಹತ್ತಿರ ಹಿಡಿದರೆ ಸದ್ದನ್ನು ಅಷ್ಟಾಗಿ ಏರಿಸಬೇಕಾಗಿಲ್ಲ. ಜಾಲರಿಯನ್ನು ಅಂಗೈಯಿಂದ ಮುಚ್ಚಿ ಹಿಡಿಯುವ ಅಭ್ಯಾಸವು ಕೂಗನ್ನು ಹೆಚ್ಚಿಸುವುದು. ಬಳಸದ ಮೈಕುಗಳನ್ನು ಆರಿಸಿಡಬೇಕು. ಕೂಗು ಹೊರಟೊಡನೆ ಮೈಕನ್ನು ಧ್ವನಿವರ್ಧಕದ ಕಡೆಗೆ ತಿರುಗಿಸಿ ಓಡಾಡದೆ, ಸದ್ದನ್ನು ಇಳಿಸಿಬಿಡುವುದೇ ತತ್‌ಕ್ಷಣದ ಉಪಾಯ.

ಸದ್ದೇ ಬಾರದಿದ್ದರೆ

ಯಂತ್ರವು ಮೌನವಾದಾಗ ಗಾಬರಿಯಿಂದ ಎಲ್ಲ ತಿರುಗಣಿಗಳನ್ನೂ ತಿರುಗಿಸುವುದು ಸರಿಯಲ್ಲ. ಅಕಸ್ಮಾತ್ತಾಗಿ ಸದ್ದು ಬಂದರೆ ಸಿಡಿಲಿನಂತೆ ಬಂದೀತು. ಮೊದಲು ತಿರುಗಣಿಯನ್ನು ಇಳಿಸಿ, ಅನಂತರ ಒಂದೊಂದಾಗಿ ನೋಡುತ್ತ ಬರಬೇಕು.

ದೀಪವೇ ಹತ್ತಿಲ್ಲವಾದರೆ ಗೋಡೆಯ ಪ್ಲಗ್ಗಿನಲ್ಲಿ ಬೇರೊಂದು ದೀಪವನ್ನು ಹಾಕಿ ವಿದ್ಯುತ್ತಿದೆಯೇ ಎಂದು ನೋಡಿ. ಬೆನ್ನಿನ ವಿದ್ಯುತ್ ತಂತಿಯು ಸಡಿಲವಾಗಿದ್ದರೆ ಒತ್ತಿ ಕೂರಿಸಿ. ಕೆಲವು ಪೆಟ್ಟಿಗೆಗಳಲ್ಲಿ ಆ ತಂತಿಯ ಬಾಯಿಯ ಬಳಿಯೇ ಫ್ಯೂಸು ಇರುತ್ತದೆ. ಗೋಡೆಯ ಪ್ಲಗ್ಗನ್ನು ಕಿತ್ತ ಮೇಲೆ ಅದನ್ನು ತೆಗೆದು ನೋಡಿ, ಕರಗಿದ್ದರೆ ಬೆನ್ನಿನ ಮೇಲೆ ಬರೆದಿರುವ ಅಳತೆಯದನ್ನೇ ಹಾಕಿ. ಹೆಚ್ಚಿನ ಅಳತೆಯ ಫ್ಯೂಸನ್ನಾಗಲಿ, ಬೆಳ್ಳಿಕಾಗದವನ್ನಾಗಲಿ ಹಾಕುವುದೆಂದರೆ ಮನೆಗೆ ಕೊಳ್ಳಿಯಿಟ್ಟಂತೆ. ಹೊಸ ಫ್ಯೂಸೂ ಒಡನೆ ಕರಗಿದರೆ ಮೂರನೆಯದನ್ನು ಹಾಕದೆ ರಿಪೇರಿಗೆ ಕಳುಹಿಸಿ.

ದೀಪವು ಹತ್ತಿದ್ದು ಸದ್ದು ಬಾರದಿದ್ದರೆ ಮೂಲದಿಂದ ಆರಂಭಿಸಿ. ಮೊಬೈಲಿನ ಸದ್ದು ಇಳಿದಿರಬಹುದು; ಬ್ಲೂಟೂತು ಪಕ್ಕದ ಕೋಣೆಯ ಬೇರೆ ಯಂತ್ರಕ್ಕೆ ಅಂಟಿಕೊಂಡಿರಬಹುದು; ಮೈಕಿನ ಗುಂಡಿ ಆರಿರಬಹುದು. ಇವೆಲ್ಲ ಸರಿಯಿದ್ದರೆ ಕೇಬಲ್ಲನ್ನು ಬದಲಾಯಿಸಿ ನೋಡಿ. ಮಡಿಸಿ ಎಳೆದು ತುಳಿದು ಕೇಬಲ್ಲು ಕೊಂಡಿಯ ಬುಡದಲ್ಲಿ ಒಳಗೊಳಗೇ ಮುರಿದಿರುವುದು ಬಲು ಸಾಮಾನ್ಯ. ಆದುದರಿಂದ ಮನೆಯಲ್ಲಿ ಹೆಚ್ಚಿನ ಕೇಬಲ್ಲೊಂದು ಇರುವುದು ಲೇಸು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು. ಇಲ್ಲದಿದ್ದರೆ ದೋಷವು ಎಲ್ಲಿತ್ತೆಂಬುದು ತಿಳಿಯದು.

ಅರ್ಧ ಗಂಟೆ ಹಾಡಿ ತಾನಾಗಿಯೇ ನಿಂತು, ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಹಾಡತೊಡಗಿದರೆ ಅದು ಕಾದುಹೋದುದರ ಗುರುತು. ಒಳಗಿನ ರಕ್ಷಣೆಯು ಕೆಲಸಮಾಡಿದೆ. ನೆರಳು, ಗಾಳಿ, ಇಳಿಸಿದ ಸದ್ದು, ಇವೇ ಅದಕ್ಕೆ ಮದ್ದು. ತಿರುಗಣಿಯನ್ನು ಮುಟ್ಟಿದಾಗ ಮಾತ್ರ ಕರಕರ ಎಂದರೆ ಧೂಳು ಕುಳಿತಿದೆ; ಆರಿಸಿಟ್ಟು ಹತ್ತಾರು ಬಾರಿ ಅತ್ತಿತ್ತ ತಿರುಗಿಸಿದರೆ ಅನೇಕ ವೇಳೆ ಸರಿಹೋಗುವುದು. ಮಾತುಗಳು ಕಂಬಳಿಯ ಒಳಗಿನಿಂದ ಬಂದಂತೆ ಮಂಕಾಗಿದ್ದರೆ ಟ್ವೀಟರು ಸುಟ್ಟಿರಬಹುದು. ತಗ್ಗಿನ ಸ್ವರಗಳಲ್ಲಿ ಗೀಚಿದಂತೆ ಕೇಳಿಸಿದರೆ ದೊಡ್ಡ ಸುರುಳಿಯು ಸಂದಿಗೆ ಉಜ್ಜುತ್ತಿರಬಹುದು. ಇವೆರಡೂ ರಿಪೇರಿಯವನ ಕೆಲಸ. ಸುಟ್ಟ ವಾಸನೆಯಾಗಲಿ ಹೊಗೆಯಾಗಲಿ ಬಂದರೆ, ಕಾರಣವನ್ನು ಹುಡುಕುತ್ತ ನಿಲ್ಲದೆ, ಮೊದಲು ಗೋಡೆಯ ಸ್ವಿಚ್ಚನ್ನು ಆರಿಸಬೇಕು.

ಬ್ಯಾಟರಿಯುಳ್ಳ ಪೆಟ್ಟಿಗೆಗಳನ್ನು ಹಬ್ಬದಿಂದ ಹಬ್ಬದವರೆಗೆ ಅಟ್ಟದ ಮೇಲೆ ಮರೆತಿಡಬಾರದು. ಸೀಸದ ಬ್ಯಾಟರಿಯು ಬರಿದಾಗಿ ಕುಳಿತರೆ ಹಾಳಾಗುವುದು. ಒಂದೆರಡು ತಿಂಗಳಿಗೊಮ್ಮೆ ಚಾರ್ಜು ಮಾಡಿಡಬೇಕು. ಲಿಥಿಯಂ ಬ್ಯಾಟರಿಯು ಉಬ್ಬಿದಂತೆ ಕಂಡರೆ ಅದನ್ನು ಮತ್ತೆ ಚಾರ್ಜು ಮಾಡಲೇಕೂಡದು.

ಚಪ್ಪರದ ಎಚ್ಚರಿಕೆಗಳು

ಮನೆಯ ಹೊರಗೆ, ಅದರಲ್ಲಿಯೂ ಗಣೇಶನ ಹಬ್ಬವು ಬರುವ ಮಳೆಗಾಲದಲ್ಲಿ, ಅಪಾಯವು ಇಮ್ಮಡಿಯಾಗುವುದು. ಬೋರ್ಡನ್ನೂ ತಂತಿಯ ಗಂಟುಗಳನ್ನೂ ನೆಲದ ಮೇಲಿಡದೆ, ನೀರು ತಾಗದಂತೆ ಎತ್ತರದಲ್ಲಿಡಬೇಕು. ಸುರುಳಿಯಾಗಿ ಸುತ್ತಿದ ಉದ್ದ ತಂತಿಯನ್ನು ಪೂರ್ತಿ ಬಿಚ್ಚಿ ಉಪಯೋಗಿಸಬೇಕು. ಸುತ್ತಿದಂತೆಯೇ ಹೆಚ್ಚು ಪ್ರವಾಹವನ್ನು ಹರಿಸಿದರೆ ಅದು ಕಾದು ಕರಗುವುದು. ಮೈಕು ಹಿಡಿಯುವವರ ಕೈ ಒಣಗಿರಲಿ. ಕಾಲಿನ ಕೆಳಗೆ ಒಣ ಹಲಗೆಯಿರಲಿ. ಮೈಕನ್ನು ಮುಟ್ಟಿದಾಗ ಸ್ವಲ್ಪವೇ ಜುಮ್ಮೆಂದರೂ ಅದನ್ನು ತಮಾಷೆಯೆಂದೆಣಿಸದೆ ಕೂಡಲೇ ಎಲ್ಲವನ್ನೂ ಆರಿಸಬೇಕು. ಆ ಜುಮ್ಮೆನ್ನುವುದೇ ಯಂತ್ರವು ಕೊಡುವ ಎಚ್ಚರಿಕೆ. ಎರಡನೆಯ ಬಾರಿ ಎಚ್ಚರಿಸಲು ಅದಕ್ಕೆ ಅವಕಾಶವಿರದೆ ಹೋಗಬಹುದು.

ಯಾರಿಗಾದರೂ ಪೆಟ್ಟು ತಾಗಿ ಅಂಟಿಕೊಂಡರೆ ಅವರನ್ನು ಬರಿಗೈಯಿಂದ ಎಳೆಯಬಾರದು, ಎಳೆದವರೂ ಅಂಟಿಕೊಳ್ಳುವರು. ಮೊದಲು ಮೇನ್ ಸ್ವಿಚ್ಚು. ಅದು ದೂರವಿದ್ದರೆ ಒಣ ಮರದ ಕೋಲಿನಿಂದ ತಂತಿಯನ್ನು ಸರಿಸಬೇಕು. ಉಸಿರಿಲ್ಲದಿದ್ದರೆ 108ಕ್ಕೆ ಕರೆ ಕಳುಹಿಸಿ, ಅವರು ಬರುವವರೆಗೆ ಎದೆಯ ನಡುವೆ ಎರಡೂ ಅಂಗೈಗಳಿಂದ ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತಿರಬೇಕು.

ಕಿವಿಯ ಮಾತು, ನೆರೆಯವರ ಮಾತು

ಪೆಟ್ಟಿಗೆಯ ಮೇಲೆ ಸಾವಿರಾರು ವ್ಯಾಟ್ ಎಂದು ಬರೆದಿರುವುದನ್ನು ಕಂಡು ಮರುಳಾಗಬಾರದು. ಪಿಎಂಪಿಒ ಎಂಬ ಅಕ್ಷರಗಳೊಡನೆ ಬರುವ ಲೆಕ್ಕಕ್ಕೆ ಬೆಲೆಯಿಲ್ಲ. ಆರ್‌ಎಂಎಸ್ ಎಂದಿರುವ ಲೆಕ್ಕವನ್ನು ಕೇಳಬೇಕು. ವ್ಯಾಟನ್ನು ಇಮ್ಮಡಿಸಿದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಸದ್ದು ಇಮ್ಮಡಿಯೆನಿಸಬೇಕಾದರೆ ಸುಮಾರು ಹತ್ತರಷ್ಟು ವ್ಯಾಟು ಬೇಕು. ಬಯಲಿನಲ್ಲಿ ದೂರವು ಇಮ್ಮಡಿಯಾದಂತೆಲ್ಲ ಸದ್ದು 6 ಡೆಸಿಬೆಲ್ ಇಳಿಯುವುದು. ಆದುದರಿಂದ ಹಿಂದಿನ ಸಾಲಿನವರಿಗೆ ಕೇಳಿಸಬೇಕೆಂದು ಒಂದೇ ಪೆಟ್ಟಿಗೆಯನ್ನು ಅರಚಿಸಿದರೆ ಮುಂದಿನ ಸಾಲಿನ ಮುದುಕರೂ ಮಕ್ಕಳೂ ನರಳುವರು; ಪೆಟ್ಟಿಗೆಯನ್ನು ತಲೆಗಳಿಗಿಂತ ಎತ್ತರದಲ್ಲಿಡುವುದು, ನಡುವಿನಲ್ಲಿ ಮತ್ತೊಂದನ್ನಿಡುವುದು ಜಾಣರ ದಾರಿ.

ಅಮೆರಿಕದ ಔದ್ಯೋಗಿಕ ಸುರಕ್ಷೆಯ ರಾಷ್ಟ್ರೀಯ ಸಂಸ್ಥೆಯು ಹಾಕಿಕೊಟ್ಟ ಮಿತಿಯಂತೆ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಸಹಿಸಬಹುದು. 3 ಡೆಸಿಬೆಲ್ ಏರಿದಂತೆಲ್ಲ ಕಾಲವು ಅರ್ಧವಾಗುವುದು. ಎಂದರೆ 100 ಡೆಸಿಬೆಲ್ಲಿಗೆ 15 ನಿಮಿಷ ಮಾತ್ರ. ಒಳಗಿವಿಯ ಸೂಕ್ಷ್ಮ ರೋಮಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿಯ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಧ್ವನಿವರ್ಧಕಕ್ಕೆ ಅಧಿಕಾರಿಗಳ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗಿನ 6ರ ವರೆಗೆ ಬಯಲಿನಲ್ಲಿ ಅದನ್ನು ಹಚ್ಚಕೂಡದು. ಹಬ್ಬಹರಿದಿನಗಳಿಗಾಗಿ ವರುಷಕ್ಕೆ ಹೆಚ್ಚೆಂದರೆ 15 ದಿನ ನಡುರಾತ್ರಿಯವರೆಗೆ ಸಡಿಲಿಕೆ ಕೊಡುವ ಅಧಿಕಾರವು ಸರ್ಕಾರಕ್ಕಿದೆ. ಕಾನೂನು ಹೀಗಿರಲಿ, ಗೋಡೆಯಾಚೆ ಜ್ವರದಲ್ಲಿ ಮಲಗಿದವರೋ ಪರೀಕ್ಷೆಗೆ ಓದುವ ಮಗುವೋ ಇರಬಹುದೆಂಬ ನೆನಪೊಂದಿದ್ದರೆ ಕಾನೂನಿನ ಪುಸ್ತಕವನ್ನು ತೆರೆಯಬೇಕಾಗಿಯೇ ಇಲ್ಲ.

ಕೊನೆಯದಾಗಿ ಗೃಹಸ್ಥರಲ್ಲಿ ನಾವು ಕೇಳಿಕೊಳ್ಳುವುದಿಷ್ಟು. ಇದನ್ನು ಓದಿ ಮುಗಿಸಿದ ಮೇಲೆ ಮನೆಯಲ್ಲಿರುವ ಧ್ವನಿವರ್ಧಕದ ಪ್ಲಗ್ಗನ್ನು ಕೈಗೆ ತೆಗೆದುಕೊಂಡು ನೋಡಿ. ಮೂರು ಕಡ್ಡಿಗಳಿರಬೇಕಾದ ಕಡೆ ಎರಡೇ ಇದ್ದರೆ ನಾಳೆಯೇ ಹೊಸದನ್ನು ಹಾಕಿಸಿ. ಗೋಡೆಯ ತೂತಿನ ಹಿಂದೆ ಅರ್ತ್ ತಂತಿಯು ನಿಜವಾಗಿಯೂ ಬಂದಿದೆಯೇ ಎಂದು ಬಲ್ಲ ಎಲೆಕ್ಟ್ರೀಷಿಯನ್ನರಿಂದ ಪರೀಕ್ಷೆ ಮಾಡಿಸಿ. ಹಿತ್ತಲಿನ ಅರ್ತ್ ಗುಂಡಿಗೆ ಬೇಸಗೆಯಲ್ಲಿ ಆಗಾಗ ಒಂದೆರಡು ಕೊಡ ನೀರು ಹುಯ್ಯಿಸಿ. ಒಣಗಿದ ಮಣ್ಣು ವಿದ್ಯುತ್ತನ್ನು ಒಳಗೆ ಬಿಟ್ಟುಕೊಳ್ಳದು. ಇಷ್ಟಕ್ಕೆ ಆಗುವ ಖರ್ಚು ಹಬ್ಬದ ಒಂದು ದಿನದ ಹೂವಿನ ಖರ್ಚಿಗಿಂತ ಹೆಚ್ಚಾಗಲಾರದು.

ಬಾವಿಗೂ ತೊಟ್ಟಿಗೂ ಹಾಕುವ ನೀರೆತ್ತುವ ಪಂಪಿನ ವಿಚಾರವನ್ನು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇವೆ.